ಗಿರಣಿಮನೆ ಗುರುವಿನ ಸ್ವಂತ ಮಷಿನ್

ಕೊಟ್ಟೂರಿನ ಗಿರಣಿ ಬೆನಕಪ್ಪನ ಮಗ ಗುರುಬಸವರಾಜ ಸೋಲದ ಗಂಡೇನೂ ಅಲ್ಲ. ಎಲ್ಲರಂತೆ ಆಗೊಮ್ಮೆ ಈಗೊಮ್ಮೆ ಸೋಲುತ್ತಿದ್ದ. ಆದರೆ ಸೋತ ಮರುಗಳಿಗೆಗೇ ಅವನ ನಾಲಿಗೆಯ ಮೇಲೆ ಒಂದು ಕಾರಣ ಸಿದ್ಧವಾಗಿರುತ್ತಿತ್ತು. ಮೌಸಿನ ಹೊಟ್ಟೆಯೊಳಗಿನ ಗುಂಡಿಗೆ ಧೂಳು ಹಿಡಿದಿತ್ತು. ಕೀಬೋರ್ಡಿನ ಒಂದು ಕೀಲಿ ಒತ್ತಿದರೆ ಮೇಲೇಳುತ್ತಿರಲಿಲ್ಲ. ಪಕ್ಕದವನು ಮೊಣಕೈ ತಗುಲಿಸಿದ. ಕುರ್ಚಿ ತಗ್ಗಾಗಿತ್ತು. ಹುಲುಗಪ್ಪ ನಡೆಸುತ್ತಿದ್ದ ಸೈಬರ್ ಕೆಫೆಯಲ್ಲಿ ಸಂಜೆ ಹೊತ್ತು ಬಂದೂಕಿನ ಆಟ ಆಡಲು ಬರುವ ಹುಡುಗರಿಗೆಲ್ಲ ಈ ಕಾರಣಗಳು ಬಾಯಿಪಾಠವಾಗಿದ್ದವು. ಗುರು ಎದ್ದು ನಿಂತರೆ ಸಾಕು, ‘ಇವತ್ತು ಏನಲೇ, ಮೌಸೋ ಕುರ್ಚಿಯೋ?’ ಎಂದು ಕೇಳುತ್ತಿದ್ದರು.

ಬಂದೂಕಿನ ಆಟವೆಂದರೆ ಇಬ್ಬರು ಎದುರುಬದುರು ಕಂಪ್ಯೂಟರಿನಲ್ಲಿ ಕೂತು, ಪರದೆಯೊಳಗಿನ ಪಾಳುಗೋಡೆಗಳ ಮರೆಯಲ್ಲಿ ಹೊಂಚು ಹಾಕಿ ಒಬ್ಬರನ್ನೊಬ್ಬರು ಹೊಡೆದುರುಳಿಸುವುದು. ಹದಿನೈದು ಸಲ ಯಾರು ಮೊದಲು ಉರುಳಿಸುತ್ತಾರೋ ಅವರು ಗೆದ್ದಂತೆ. ಕೊಟ್ಟೂರಿನಲ್ಲಿ ಗುರುವಿಗೆ ಸರಿಸಾಟಿ ಇರಲಿಲ್ಲ ಎನ್ನುವುದು ನಿಜ. ಊರು ದಾಟಿದ ಮೇಲೆ ಮಾತ್ರ ಕಾರಣಗಳು ಬೇಕಾಗುತ್ತಿದ್ದವು. ಹಿಂದಿನ ವರ್ಷ, ಅಂದರೆ ಎರಡು ಸಾವಿರದ ಐದರಲ್ಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಸೈಬರಿನವರೆಲ್ಲ ಸೇರಿ ಐದೂರಿನ ಪಂದ್ಯ ಅಂತ ಒಂದು ಶುರು ಮಾಡಿದ್ದರು. ಹಗರಿಬೊಮ್ಮನಹಳ್ಳಿಯಲ್ಲಿ ನಡೆದ ಆ ಮೊದಲ ಪಂದ್ಯದಲ್ಲಿ ಗುರು ಎರಡನೇ ಆಟಕ್ಕೇ ಮಣ್ಣು ಮುಕ್ಕಿದ. ಮಷಿನ್ ಸರಿಯಿಲ್ಲ, ಇದೊಂದು ಪಂದ್ಯವೇ ಅಲ್ಲ ಎಂದು ಅಲ್ಲಿ ಅವನು ಹಾಕಿದ ರಂಪಾಟಕ್ಕೆ ಹುಲುಗಪ್ಪ ತಲೆ ತಗ್ಗಿಸಿಕೊಂಡು ಬಸ್ಸು ಹತ್ತಿದ್ದ.

ಈ ವರ್ಷ ಹರಪನಹಳ್ಳಿಯಲ್ಲಿ ಎರಡನೇ ಪಂದ್ಯ. ಹುಲುಗಪ್ಪ ಒಂದು ಹೊಸ ನಿಯಮ ತಂದ. ಆಡುವವರು ತಮ್ಮ ತಮ್ಮ ಸಿಪಿಯು, ಕೀಬೋರ್ಡು, ಮೌಸು ತಾವೇ ತರಬೇಕು. ಮಾನಿಟರು, ಕರೆಂಟು, ಕುರ್ಚಿ ಪಂದ್ಯ ನಡೆಸುವವರದು.

‘ನಿನ್ನ ಬಾಯಿ ಮುಚ್ಚಿಸಾಕಂತನ ಈ ರೂಲ್ಸು ಮಾಡಿಸೀನಿ ತಮ್ಮಾ,’ ಎಂದ ಹುಲುಗಪ್ಪ. ‘ನಿನ್ನ ಮಷಿನ್ನು, ನಿನ್ನ ಮೌಸು, ನಿನ್ನ ಕೈ. ಇನ್ನ ಮ್ಯಾಲ ಸೋತ್ರ ಯಾರ ಮ್ಯಾಲ ಹಾಕ್ತಿ ನೋಡೋಣು.’

ಅಂದಿನಿಂದ ಗುರುವಿಗೆ ಕೂತಲ್ಲಿ ಕೂರಲಾಗಲಿಲ್ಲ. ತಾನು ನಿಜಕ್ಕೂ ಗಟ್ಟಿ ಆಟಗಾರನೋ, ಇಲ್ಲ ಕೊಟ್ಟೂರಿನ ಮೂರು ಬೀದಿಗೆ ಮಾತ್ರ ಹುಲಿಯೋ ಎಂಬುದು ಈ ಸಲ ತೀರ್ಮಾನವಾಗಿಬಿಡುತ್ತಿತ್ತು. ಅದನ್ನು ಅವನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಲಿಲ್ಲ. ಗಿರಣಿಯ ಗಲ್ಲಾದ ಮುಂದೆ ಕೂತು ಎಡಗಾಲು ಅಲ್ಲಾಡಿಸುತ್ತಿದ್ದ. ಜೋಳ ಬೀಸಿಸಲು ಬಂದವರಿಗೆ ಗೋಧಿ ಹಿಟ್ಟಿನ ಡಬ್ಬಿ ಎತ್ತಿ ಕೊಡುತ್ತಿದ್ದ.

‘ಕಾಲು ಅಲ್ಲಾಡಿಸಬ್ಯಾಡ ಗುರು, ಮನಿಗೆ ಚೊಲೋದಲ್ಲ,’ ಎನ್ನುತ್ತಿದ್ದಳು ಅವ್ವ ನಾಗಲಿಂಗಮ್ಮ. ಎರಡು ನಿಮಿಷ ನಿಲ್ಲಿಸಿ ಮತ್ತೆ ಅಲ್ಲಾಡಿಸುತ್ತಿದ್ದ.

ಹೊಸ ಕಂಪ್ಯೂಟರು ಕೊಡಿಸು ಎಂದು ಅಪ್ಪನನ್ನು ಕೇಳಿ ನೋಡಿದ. ಬೆನಕಪ್ಪ ರೇಟು ಕೇಳಿಕೊಂಡು, ‘ಅಷ್ಟಕ್ಕ ಎರಡು ಎಮ್ಮಿ ಬರ್ತಾವ. ಅವಾದ್ರ ಹಾಲು ಕೊಡ್ತಾವ,’ ಎಂದು ಹೇಳಿ ಸವೆದ ಬೀಸುಕಲ್ಲಿಗೆ ಉಳಿಯಿಂದ ಕಚ್ಚು ಹಾಕಲು ಕೂತ. ಅಲ್ಲಿಗೆ ಆ ಮಾತು ಮುಗಿಯಿತು.

ಆಗ ಸಹಾಯಕ್ಕೆ ಬಂದವನು ಪ್ರಬುದ್ಧ. ಬ್ಯಾಂಕಿನಲ್ಲಿ ಅಟೆಂಡರ್ ಆಗಿದ್ದ ಕೊಟ್ರಬಸಪ್ಪನ ಮಗ, ಡಿಪ್ಲೊಮಾ ಮುಗಿಸಿ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದ. ಗುರು ಎಷ್ಟು ತರಾತುರಿಯವನೋ ಇವನು ಅಷ್ಟೇ ನಿಧಾನಿ. ಒಂದು ಸ್ಕ್ರೂ ಬಿಚ್ಚಿದರೆ ಅದನ್ನು ಬಾಟಲಿ ಮುಚ್ಚಳದಲ್ಲಿ ಹಾಕಿಟ್ಟು ಮುಂದಿನದಕ್ಕೆ ಕೈ ಹಾಕುವವನು.

‘ಹೊಸಾದು ಯಾಕ ಬೇಕು? ಆಟಕ್ಕ ಬೇಕಾಗಿದ್ದು ಮೂರೇ. ಚೊಲೋ ಗ್ರಾಫಿಕ್ಸ್ ಕಾರ್ಡು, ಚೊಲೋ ಮೌಸು, ಸಾಕಾಗೋವಷ್ಟು ರ್‍ಯಾಮ್. ಉಳಿದಿದ್ದೆಲ್ಲ ಹಳೇದು ನಡಿತೈತಿ,’ ಎಂದ.

ಹಾಗೆ ಶುರುವಾಯಿತು ಜೋಡಿಸುವ ಕೆಲಸ. ಮದರ್‌ಬೋರ್ಡು ಮತ್ತು ಪ್ರೊಸೆಸರು ಹೊಸಪೇಟೆಯ ಗುಜರಿಯಿಂದ ಬಂದವು. ಯಾವುದೋ ಕಚೇರಿಯವರು ತೂಕಕ್ಕೆ ಹಾಕಿದ್ದ ಡಬ್ಬಿಗಳಲ್ಲಿ ಪ್ರಬುದ್ಧ ಅರ್ಧ ದಿನ ಕೈಯಾಡಿಸಿ ಆರಿಸಿದ್ದು. ರ್‍ಯಾಮ್ ಎರಡು ತುಂಡು, ಎರಡು ಬೇರೆ ಬೇರೆ ಮನೆಯವು. ಕೂಡಿಸಿದರೆ ಮಷಿನ್ ಕುಂಯ್ ಕುಂಯ್ ಎಂದು ಅಳುತ್ತಿತ್ತು. ಅವುಗಳ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಹಾಕಿದ ಮೇಲೆ ಸುಮ್ಮನಾಯಿತು. ಗ್ರಾಫಿಕ್ಸ್ ಕಾರ್ಡು ಬೆಂಗಳೂರಿನ ಸೆಕೆಂಡ್‌ಹ್ಯಾಂಡ್ ಅಂಗಡಿಯಿಂದ ಬಸ್ಸಿನ ಡ್ರೈವರ್ ಕೈಯಲ್ಲಿ ಬರಬೇಕಿತ್ತು. ಅದು ಬರುವವರೆಗೆ ಗುರು ದಿನಾ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋಗಿ ಬರುವ ಬಸ್ಸಿಗೆಲ್ಲ ಎದುರು ಓಡುತ್ತಿದ್ದ. ಕಂಡಕ್ಟರುಗಳು ಅವನನ್ನು ಕಂಡರೆ ದೂರದಿಂದಲೇ ಕೈಯಾಡಿಸಿ ಇಲ್ಲ ಎನ್ನುತ್ತಿದ್ದರು. ಕ್ಯಾಬಿನೆಟ್ಟಿಗೆ ದುಡ್ಡು ಉಳಿಯಲಿಲ್ಲ. ತಗಡಿನ ಕೆಲಸದ ಓಬಳೇಶಪ್ಪ ಗಿರಣಿಯ ಹಳೆಯ ಹಿಟ್ಟಿನ ಡೋಣಿಯ ತಗಡನ್ನೇ ಕತ್ತರಿಸಿ, ಮಡಚಿ, ರಿವೆಟ್ ಹೊಡೆದು ಒಂದು ಪೆಟ್ಟಿಗೆ ಮಾಡಿಕೊಟ್ಟ. ಅದಕ್ಕೆ ಒಂದು ಬದಿಯ ಬಾಗಿಲೇ ಇರಲಿಲ್ಲ. ಗಾಳಿ ಆಡಲಿ ಎಂದು ಹಾಗೇ ಬಿಟ್ಟರು. ಅಂತೂ ಹೊಸದು ಅಂತ ಇದ್ದದ್ದು ಮೌಸು ಒಂದೇ. ಗುಂಡಿಲ್ಲದ, ಹೊಟ್ಟೆಯಲ್ಲಿ ಕೆಂಪು ದೀಪ ಉರಿಯುವ ಮೌಸು.

ಮನೆಯ ಪಡಸಾಲೆಯಲ್ಲಿ ಆ ತಗಡಿನ ಪೆಟ್ಟಿಗೆ ಕೂತಾಗ ನಾಗಲಿಂಗಮ್ಮ ಬಂದು ಸುತ್ತಲೂ ನೋಡಿದಳು. ಆಕೆಯ ಮನೆಯಲ್ಲಿ ತಿರುಗುವ, ಉರಿಯುವ, ಗುಂಯ್ ಎನ್ನುವ ಯಾವ ವಸ್ತುವೂ ವಿಭೂತಿ ಇಲ್ಲದೆ ಇರುತ್ತಿರಲಿಲ್ಲ. ಗಿರಣಿಯ ಮೋಟಾರು, ಬೀಸುಕಲ್ಲು, ಟಿವಿ, ಫ್ರಿಜ್ಜು, ಬೆನಕಪ್ಪನ ಸೈಕಲ್ಲಿನ ಹ್ಯಾಂಡಲು, ಎಲ್ಲಕ್ಕೂ ಅಮಾವಾಸ್ಯೆಗೊಮ್ಮೆ ಹಳೆಯದನ್ನು ಒರೆಸಿ ಹೊಸದಾಗಿ ಮೂರೆಳೆ. ಇಲ್ಲದೆ ಇದ್ದದ್ದು ಮಗನ ಹಣೆ ಮಾತ್ರ. ಕಾಲೇಜಿಗೆ ಹೋದ ವರ್ಷ ಯಾರೋ ನಕ್ಕರೆಂದು ಹಚ್ಚುವುದು ಬಿಟ್ಟಿದ್ದ. ಆಕೆ ಬೈದಿರಲಿಲ್ಲ. ದಿನಾ ಬೆಳಿಗ್ಗೆ ಕನ್ನಡಿಯ ಗೂಡಿನಲ್ಲಿ ವಿಭೂತಿ ಗಟ್ಟಿ ಇಟ್ಟು, ಸಂಜೆ ಅದು ಹಾಗೇ ಇರುವುದನ್ನು ನೋಡಿ ತೆಗೆದಿಡುತ್ತಿದ್ದಳು. ಗುರುವಿಗೂ ಅದು ಕಾಣುತ್ತಿತ್ತು. ನೋಡಿಯೂ ನೋಡದವನಂತೆ ಕ್ರಾಪು ಬಾಚಿಕೊಂಡು ಹೋಗುತ್ತಿದ್ದ.

ಪಂದ್ಯ ಭಾನುವಾರ. ಶುಕ್ರವಾರ ಸಂಜೆ ಆಟ ಜೋರಾಗಿದ್ದಾಗ ಮಷಿನ್ ತನ್ನಷ್ಟಕ್ಕೆ ಆಫ್ ಆಯಿತು. ಗುರು ಓಡಿಹೋಗಿ ಪ್ರಬುದ್ಧನನ್ನು ಕರೆತಂದ. ಪ್ರಬುದ್ಧ ಪೆಟ್ಟಿಗೆಯೊಳಗೆ ಕೈ ಇಟ್ಟು ನೋಡಿ, ಗಾಬರಿ ಬೀಳಬೇಡ ಎಂದ.

‘ಪ್ರೊಸೆಸರ್ ಕಾದೈತಿ. ಅದರ ಮ್ಯಾಲ ಈ ಅಲ್ಯೂಮಿನಿಯಂ ಗಟ್ಟಿ ಐತಲ್ಲ, ಇದು ಕಾವು ಎಳ್ಕೊಂಡು ಫ್ಯಾನಿಗೆ ಕೊಡ್ತೈತಿ. ನಡುವ ಬಿಳೀ ಪೇಸ್ಟು ಇರಬೇಕು. ಇದರಾಗ ಒಣಗಿ ಹೋಗೈತಿ. ಪೇಸ್ಟಿಲ್ಲಂದ್ರ ಕಾವು ಅಲ್ಲೇ ನಿಂತು, ಮಷಿನ್ ತಾನ ಆರಿಕೆಂತೈತಿ.’

ತರಬೇತಿ ಕೇಂದ್ರದಲ್ಲಿ ಉಳಿದಿದ್ದ ಪೇಸ್ಟು ಕಡಲೆಕಾಳಿನಷ್ಟು. ಅದನ್ನೇ ಒಂದು ಪ್ಲಾಸ್ಟಿಕ್ ಚೂರಿನಲ್ಲಿ ಕಟ್ಟಿಕೊಟ್ಟ. ಒಂದು ಸಲಕ್ಕೆ ಸಾಕು, ಚೆಲ್ಲಬೇಡ ಎಂದು ಹೇಳಿ ಕಳಿಸಿದ.

ಶನಿವಾರ ಅಮಾವಾಸ್ಯೆ. ಗಿರಣಿಗೆ ರಜೆ. ಮಧ್ಯಾಹ್ನ ಊಟವಾದ ಮೇಲೆ ಗುರು ಫ್ಯಾನು ಬಿಚ್ಚಿ, ಒಣಗಿದ ಪೇಸ್ಟನ್ನು ಕೆರೆದು ತೆಗೆದು, ಅಂಚೆಚೀಟಿಗಿಂತ ತುಸು ದೊಡ್ಡದಿದ್ದ ಪ್ರೊಸೆಸರಿನ ನೆತ್ತಿಯ ಮೇಲೆ ಹೊಸ ಬಿಳಿ ಪೇಸ್ಟನ್ನು ಬೆರಳಿನಿಂದ ಸವರಿದ. ಫ್ಯಾನನ್ನು ಮತ್ತೆ ಕೂರಿಸಿ ಒತ್ತಿದಾಗ ಅದನ್ನು ಹಿಡಿದಿಡುವ ಕ್ಲಿಪ್ಪು ಟಕ್ಕನೆ ಮುರಿಯಿತು. ಫ್ಯಾನನ್ನು ಎತ್ತಿ ಪಕ್ಕಕ್ಕಿಟ್ಟು, ಇದ್ದದ್ದನ್ನು ಇದ್ದಂತೆ ಬಿಟ್ಟು, ಮುರಿದ ಕ್ಲಿಪ್ಪು ಜೇಬಿಗೆ ಹಾಕಿಕೊಂಡು ಬೀದಿಗೆ ಬಿದ್ದ.

ಓಬಳೇಶಪ್ಪ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ‘ಇವತ್ತು ಅಮಾಸಿ. ಸುತ್ತಿಗಿ ಮುಟ್ಟಂಗಿಲ್ಲ ತಮ್ಮಾ. ನಾಳಿ ಹೊತ್ತು ಹುಟ್ಟಾಕ ಬಾ, ಮಾಡಿಕೊಡ್ತೀನಿ.’ ನಾಳೆ ಹೊತ್ತು ಹುಟ್ಟುವಾಗ ಗುರು ಬಸ್ಸಿನಲ್ಲಿರಬೇಕು. ವೆಲ್ಡಿಂಗ್ ಅಂಗಡಿ ಮುಚ್ಚಿತ್ತು. ಸೈಕಲ್ ಷಾಪಿನವನು ಸ್ಪ್ಯಾನರುಗಳನ್ನೆಲ್ಲ ತೊಳೆದು, ಸಾಲಾಗಿ ಮಣೆಯ ಮೇಲಿಟ್ಟು, ಹೂ ಏರಿಸಿ ಕೈಮುಗಿಯುತ್ತಿದ್ದ. ಇಡೀ ಊರಿನಲ್ಲಿ ಒಂದು ತಂತಿ ಬಗ್ಗಿಸುವ ಕೈ ಸಿಗದೆ ಗುರು ಹುಚ್ಚನಂತೆ ಅಲೆದ. ಕೊನೆಗೆ ಪ್ರಬುದ್ಧನ ಮನೆಗೆ ಓಡಿದರೆ ಅವನು ಹೊಸಪೇಟೆಗೆ ಹೋಗಿದ್ದ. ಬರುವವರೆಗೆ ಬಾಗಿಲಲ್ಲೇ ಕಾದ. ಅವರ ಮನೆಯಲ್ಲಿ ಅಮಾವಾಸ್ಯೆಯೂ ಎಲ್ಲ ದಿನಗಳಂತೆ ಒಂದು ದಿನವೇ. ಪ್ರಬುದ್ಧ ಸೈಕಲ್ಲಿನ ಒಂದು ಕಡ್ಡಿ ಕತ್ತರಿಸಿ, ಅಳತೆ ನೋಡಿ, ಬಗ್ಗಿಸಿ ಕ್ಲಿಪ್ಪು ಮಾಡಿಕೊಟ್ಟ.

ಗುರು ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು, ಕರೆಂಟು ಹೋಗಿತ್ತು. ಬಾಯಲ್ಲಿ ಬ್ಯಾಟರಿ ಕಚ್ಚಿಕೊಂಡು ಪೆಟ್ಟಿಗೆಯೊಳಗೆ ಇಣುಕಿದ. ಪ್ರೊಸೆಸರಿನ ನೆತ್ತಿ ಬೆಳ್ಳಗೆ ಕಂಡಿತು. ಫ್ಯಾನು ಕೂರಿಸಿ ಕಡ್ಡಿಯ ಕ್ಲಿಪ್ಪು ಎಳೆದು ಸಿಕ್ಕಿಸಿದ. ಕರೆಂಟು ಬಂದ ಮೇಲೆ ಹಚ್ಚಿ ನೋಡಿದರೆ ಮಷಿನ್ ಎದ್ದಿತು. ಆಡಿ ನೋಡುವಷ್ಟರಲ್ಲಿ ಮತ್ತೆ ಕರೆಂಟು ಹೋಯಿತು. ಸಾಕು ಎಂದು ಪೆಟ್ಟಿಗೆಯನ್ನು ಕೌದಿಯಲ್ಲಿ ಸುತ್ತಿ ಕಟ್ಟಿದ.

ಊಟಕ್ಕೆ ಕೂತಾಗ ನಾಗಲಿಂಗಮ್ಮ ಬೇಡ ಬೇಡವೆಂದರೂ ಇನ್ನೊಂದು ಹೋಳಿಗೆ ಹಾಕಿ ಮೇಲೆ ತುಪ್ಪ ಸುರಿದಳು. ಮಗನ ಮುಖವನ್ನೇ ನೋಡುತ್ತ, ‘ಇವತ್ತು ನನ್ನ ಹೊಟ್ಟಿ ತಣ್ಣಗಾತು ನೋಡಪಾ. ಹೋಗಿ ಗೆದ್ದು ಬಾ,’ ಎಂದಳು. ಯಾಕೆ ತಣ್ಣಗಾಯಿತು ಎಂದು ಗುರು ಕೇಳಲಿಲ್ಲ. ಅವನ ತಲೆಯೊಳಗೆ ಆಗಲೇ ಗುಂಡು ಹಾರುತ್ತಿದ್ದವು.

ಮರುದಿನ ಮೊದಲ ಬಸ್ಸಿಗೆ ಗುರು, ಪ್ರಬುದ್ಧ ಇಬ್ಬರೇ ಹೊರಟರು; ಹುಲುಗಪ್ಪ ಈ ಸಲ ಬರಲಿಲ್ಲ. ಚಿಗಟೇರಿ ದಾಟುವವರೆಗೆ ಗುರು ಕೌದಿಯ ಗಂಟನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಹರಪನಹಳ್ಳಿಯ ಕಲ್ಯಾಣ ಮಂಟಪದಲ್ಲಿ ಊಟದ ಟೇಬಲ್ಲುಗಳನ್ನೇ ಸಾಲಾಗಿ ಹಾಕಿ ಮಾನಿಟರು ಇಟ್ಟಿದ್ದರು. ಹೊರಗೆ ಜನರೇಟರು ಗುಡುಗುಡು ಅನ್ನುತ್ತಿತ್ತು. ಓಬಳೇಶಪ್ಪನ ತಗಡಿನ ಪೆಟ್ಟಿಗೆ ಕಂಡು ನಾಲ್ಕಾರು ಜನ ನಕ್ಕರು. ಆಟ ಶುರುವಾದ ಮೇಲೆ ನಗು ನಿಂತಿತು. ಗುರು ಮೊದಲ ಆಟದಲ್ಲಿ ಕೂಡ್ಲಿಗಿಯವನನ್ನು ಬಡಿದ. ಎರಡನೆಯದರಲ್ಲಿ ಹರಪನಹಳ್ಳಿಯವನನ್ನು ಅವನ ಊರವರ ಮುಂದೆಯೇ ಮಲಗಿಸಿದ. ಎರಡೂ ಬೇಗ ಮುಗಿದ ಆಟಗಳು. ಗುರು ಕುರ್ಚಿಯಿಂದ ಏಳುವುದು, ಮಂಟಪದ ಬಾಗಿಲವರೆಗೆ ಹೋಗುವುದು, ಮತ್ತೆ ಬಂದು ಕೂರುವುದು ಮಾಡುತ್ತಿದ್ದ.

ಮೂರನೆಯದು ಹಡಗಲಿಯ ಪ್ರವೀಣಕುಮಾರನ ಜೊತೆ. ಅವನು ಮಲ್ಲಿಗೆ ವ್ಯಾಪಾರದ ಮನೆಯವನು, ಸಿಪಿಯುವನ್ನು ಹೂವಿನ ಬುಟ್ಟಿಯಲ್ಲಿ ಇಟ್ಟುಕೊಂಡು ಬಂದಿದ್ದ. ತೆಳ್ಳಗಿನ ಹುಡುಗ, ಮಾತು ಕಡಿಮೆ. ಅವನ ಮಷಿನ್ನೂ ಇವನದಕ್ಕಿಂತ ಮೇಲೇನೂ ಅಲ್ಲ, ಮೌಸಿನ ವೈರಿಗೆ ಮೂರು ಕಡೆ ಟೇಪು ಸುತ್ತಿತ್ತು.

ಆಟ ಶುರುವಾದ ಸ್ವಲ್ಪ ಹೊತ್ತಿಗೇ ಗುರುವಿಗೆ ಏನೋ ಹೊಸದು ಅನುಭವಕ್ಕೆ ಬಂತು. ಇವನು ಯಾವ ಗೋಡೆಯ ಹಿಂದೆ ಹೋದರೂ ಆ ಹುಡುಗ ಅಲ್ಲಿಗೆ ಮೊದಲೇ ಬಂದು ನಿಂತಿರುತ್ತಿದ್ದ. ಇವನು ತಿರುಗುವಷ್ಟರಲ್ಲಿ ಹೊಡೆದಿರುತ್ತಿದ್ದ. ಮೂರು–ಒಂದು. ಏಳು–ಮೂರು. ಗುರು ಮೌಸು ಎತ್ತಿ ನೋಡಿದ, ಕೆಂಪು ದೀಪ ಚೆನ್ನಾಗಿ ಉರಿಯುತ್ತಿತ್ತು. ಕೀಲಿಗಳೆಲ್ಲ ಒತ್ತಿದ ಹಾಗೆ ಏಳುತ್ತಿದ್ದವು. ಕುರ್ಚಿ ಎತ್ತರವಾಗಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ. ಹನ್ನೊಂದು–ನಾಲ್ಕು ಆದಾಗ ಅವನ ಅಂಗೈ ಬೆವತು ಮೌಸು ಜಾರಿತು. ಹೇಳಿಕೊಳ್ಳಲು ಒಂದು ನೆಪವಿಲ್ಲದೆ ಸೋಲುವುದೆಂದರೆ ಹೇಗಿರುತ್ತದೆಂದು ಆ ಹೊತ್ತು ಗುರುವಿಗೆ ಗೊತ್ತಾಯಿತು, ಮತ್ತು ಅವನಿಗೆ ಭಯವಾಯಿತು.

ಆಗ ಪರದೆ ಕಪ್ಪಾಯಿತು.

ಇಲ್ಲೊಂದು ಮಾತು ಮುಚ್ಚಿಡದೆ ಹೇಳಬೇಕು. ಪರದೆ ಕಪ್ಪಾದಾಗ ಗುರುವಿಗೆ ಮೊದಲು ಆದದ್ದು ಸಿಟ್ಟಲ್ಲ, ದುಃಖವೂ ಅಲ್ಲ. ಮೈ ಹಗುರಾಯಿತು. ಸಿಟ್ಟು ಬಂದದ್ದು ಅದರ ಹಿಂದಿನಿಂದ. ಆಮೇಲೆ ಅವನು ಎದ್ದು ಟೇಬಲ್ಲು ಗುದ್ದಿ, ‘ಮಷಿನ್ ಕೈ ಕೊಡ್ತಲೇ, ಮಷಿನ್ ಕೈ ಕೊಡ್ತು,’ ಎಂದು ಇಡೀ ಮಂಟಪಕ್ಕೆ ಕೇಳುವ ಹಾಗೆ ಕೂಗಿದ.

ಪ್ರಬುದ್ಧ ಓಡಿ ಬಂದು ಪೆಟ್ಟಿಗೆಗೆ ಕೈ ಹಚ್ಚಿ ತಟ್ಟನೆ ತೆಗೆದ. ಕಾದ ಹಂಚಿನ ಹಾಗಿತ್ತು. ಬಟ್ಟೆ ಹಿಡಿದು ಕಡ್ಡಿಯ ಕ್ಲಿಪ್ಪು ಬಿಚ್ಚಿ ಫ್ಯಾನು ಎತ್ತಿದ. ಪ್ರೊಸೆಸರಿನ ಮೇಲೆ ಪೇಸ್ಟಿನ ಜಿಡ್ಡೇ ಇರಲಿಲ್ಲ. ಅಲ್ಲಿ ಇದ್ದದ್ದು ಒಣಗಿ ಬಿರುಕು ಬಿಟ್ಟ ಬಿಳಿ ಪುಡಿ. ಅದು ಮೂರು ಅಡ್ಡ ಎಳೆಗಳಾಗಿ, ಅಚ್ಚುಕಟ್ಟಾಗಿ, ಒಂದಕ್ಕೊಂದು ತಾಗದಂತೆ ಎಳೆದದ್ದು. ಪ್ರಬುದ್ಧ ಬೆರಳಿನಿಂದ ತುಸು ಉಜ್ಜಿ ಮೂಗಿಗೆ ಹಿಡಿದ.

‘ಗುರು, ಇದು ವಿಭೂತಿ ಐತಲೇ.’

ಗುರುವಿಗೆ ಎಲ್ಲಾ ಒಮ್ಮೆಗೇ ಹೊಳೆಯಿತು. ಅವನು ಬೀದಿ ಅಲೆಯುತ್ತಿದ್ದಾಗ ಅವ್ವ ಗಿರಣಿಯ ಪೂಜೆ ಮುಗಿಸಿ ತಟ್ಟೆ ಹಿಡಿದುಕೊಂಡು ಪಡಸಾಲೆಗೆ ಬಂದಿದ್ದಾಳೆ. ಬಾಗಿಲಿಲ್ಲದ ಪೆಟ್ಟಿಗೆಯಲ್ಲಿ ಇಣುಕಿದ್ದಾಳೆ. ಅಷ್ಟಗಲದ ಒಂದು ಹಣೆ, ಅದರ ಮೇಲೆ ಬೆಳ್ಳಗೆ ಏನೋ ಸವರಿದ್ದು ಕಂಡಿದೆ. ಮಗ ತಾನಾಗಿಯೇ ತನ್ನ ಮಷಿನ್ನಿಗೆ ವಿಭೂತಿ ಹಚ್ಚಿದ್ದಾನೆ, ರೂಢಿ ತಪ್ಪಿದ ಕೈ, ಮೆತ್ತಿಬಿಟ್ಟಿದ್ದಾನೆ ಎಂದುಕೊಂಡು, ಒರೆಸಿ, ಒದ್ದೆ ವಿಭೂತಿಯಿಂದ ನೆಟ್ಟಗೆ ಮೂರೆಳೆ ಎಳೆದಿದ್ದಾಳೆ. ಹೊಟ್ಟೆ ತಣ್ಣಗಾದದ್ದು ಅದಕ್ಕೆ.

ಪ್ರವೀಣಕುಮಾರ ಎದುರಿನಿಂದ ಎದ್ದು ಬಂದ. ಇಣುಕಿ ನೋಡಿ ನಗಲಿಲ್ಲ. ‘ಇಲ್ಲೇ ಒಂದು ಎಕ್ಸ್‌ಟ್ರಾ ಸಿಪಿಯು ಐತಂತ್ರಿ. ನಿಮ್ಮ ಮೌಸು ಅದಕ್ಕ ಹಾಕ್ಕೊಂಡು ಆಡ್ರಿ. ಬೇಕಂದ್ರ ನನ್ನ ಮಷಿನ್ ನೀವು ತಗೋರಿ, ನಾನು ಅದರ ಮ್ಯಾಲ ಆಡ್ತೀನಿ. ಎಷ್ಟಿತ್ತೋ ಅಲ್ಲಿಂದನ ಶುರು ಮಾಡೋಣು,’ ಎಂದ.

‘ಬ್ಯಾಡ,’ ಎಂದ ಗುರು. ‘ನನ್ನ ಮಷಿನ್ ಇದ್ದಿದ್ರ ತೋರಿಸ್ತಿದ್ದೆ.’

ಪ್ರಬುದ್ಧ ಅವನ ತೋಳು ಹಿಡಿದು, ಆಡು, ಇನ್ನೂ ಆಟ ಐತಿ ಎಂದ. ಗುರು ಕೈ ಕೊಡವಿಕೊಂಡು ವೈರು ಸುತ್ತತೊಡಗಿದ. ಆಟವನ್ನು ಹಡಗಲಿಯವನಿಗೆ ಬರೆದರು. ಬಸ್ಸಿನಲ್ಲಿ ಬರುವಾಗ ಪ್ರಬುದ್ಧ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಗುರುವಿನ ಸಿಟ್ಟು ಚಿಗಟೇರಿಯ ಹೊತ್ತಿಗೆ ಇಳಿದಿತ್ತು. ಕೊಟ್ಟೂರಿನ ಹೊತ್ತಿಗೆ ಅವನ ಬಳಿ ಒಂದು ಕಥೆ ಇತ್ತು.

ಎಂಥ ಕಥೆ ಅದು. ಅವತ್ತೇ ಸಂಜೆ ಹುಲುಗಪ್ಪನ ಸೈಬರಿನಲ್ಲಿ ಅದನ್ನು ಹೇಳಿದಾಗ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಲುಗಪ್ಪ ಗಲ್ಲಾದ ಮೇಲೆ ತಲೆ ಇಟ್ಟು ನಕ್ಕ. ಗುರು ನಿಂತು ನಟಿಸಿ ತೋರಿಸಿದ. ಅವ್ವ ತಟ್ಟೆ ಹಿಡಿದು ಬರುವುದು, ಸೆರಗು ತಲೆಯ ಮೇಲೆ ಎಳೆದುಕೊಳ್ಳುವುದು, ಇಣುಕುವುದು, ಗಲ್ಲದ ಮೇಲೆ ಕೈ ಇಟ್ಟು ‘ಅಯ್ಯ ನನ್ನ ಶಿವನ’ ಎನ್ನುವುದು, ನಾಲಿಗೆ ಕಚ್ಚಿಕೊಂಡು ಒಂದೊಂದೇ ಎಳೆ ಎಳೆಯುವುದು. ಆ ಬೆರಳಾಡಿಸುವಿಕೆಗಂತೂ ಎಲ್ಲರೂ ಬಿದ್ದು ಬಿದ್ದು ನಕ್ಕರು. ಹನ್ನೊಂದು–ನಾಲ್ಕು ಎಂಬುದು ಆ ಕಥೆಯಲ್ಲಿ ಎಲ್ಲೂ ಬರಲಿಲ್ಲ. ಇನ್ನೇನು ಗೆದ್ದೇಬಿಟ್ಟಿದ್ದೆ, ಅಷ್ಟರಲ್ಲಿ ಆರಿಹೋಯಿತು ಎಂದು ಬಂತು. ಮರುದಿನ ಬೇರೆ ಹುಡುಗರು ಕೇಳಿದರು, ಮತ್ತೆ ಹೇಳಿದ. ವಾರವಿಡೀ ಹೇಳಿದ. ಹೇಳಿದಷ್ಟೂ ಅವನಿಗೆ ತಾನು ನಿಜವಾಗಿ ಗೆಲ್ಲುತ್ತಿದ್ದೆ ಎಂದೇ ಅನ್ನಿಸತೊಡಗಿತು. ಪ್ರಬುದ್ಧ ಒಮ್ಮೆ ಬಾಗಿಲಲ್ಲಿ ನಿಂತು ಕೇಳಿ, ಒಳಗೆ ಬರದೆ ಹಾಗೇ ಹೋದ.

ಮನೆಯಲ್ಲಿ ನಾಗಲಿಂಗಮ್ಮನಿಗೆ ಗೊತ್ತಿದ್ದದ್ದು ಮಗ ಸೋತು ಬಂದ, ಮಷಿನ್ ಕೆಟ್ಟಿತಂತೆ, ಇಷ್ಟೇ. ಸಮಾಧಾನ ಹೇಳಿದ್ದಳು. ಒಂದು ಬೆಳಿಗ್ಗೆ ಗಿರಣಿಗೆ ಜಂಬಮ್ಮ ಜೋಳ ತಂದಳು. ಮೂರು ಮನೆ ಆಚೆಯವಳು, ಬಾಯಿಗೆ ಬೀಗವಿಲ್ಲದವಳು. ಗುರು ಒಳಗೆ ಹಿಟ್ಟಿನ ಚೀಲ ಹೊಲಿಯುತ್ತಿದ್ದ.

‘ಯವ್ವಾ ನಾಗಲಿಂಗಮ್ಮ, ನಮ್ಮ ಮನಿಗೂ ಬಂದು ಟಿವಿಗೆ ಒಂದೀಟು ವಿಭೂತಿ ಹಚ್ಚಿ ಹೋಗು. ಕೆಟ್ಟು ಹೋಗ್ಲಿ, ಹುಡುಗ್ರಾದ್ರೂ ಓದ್ತಾವ,’ ಎಂದಳು ಜಂಬಮ್ಮ.

ಅವ್ವ ಏನೋ ಚೇಷ್ಟೆ ಎಂದು ನಕ್ಕಳು. ಆಕೆಗೆ ಅರ್ಥವಾಗಿಲ್ಲ ಎಂದು ತಿಳಿದು ಜಂಬಮ್ಮ ಬಿಡಿಸಿ ಹೇಳಿದಳು. ನಿನ್ನ ಮಗನೇ ಸೈಬರಿನಲ್ಲಿ ಕುಣಿದು ತೋರಿಸ್ತಾನಂತ, ನಮ್ಮ ಹುಡುಗರು ಮನೆಯಲ್ಲಿ ಅದನ್ನೇ ಮಾಡ್ತಾವ ಎಂದಳು. ಬೆಲ್ಟು ತಿರುಗುವ ಸಪ್ಪಳದ ನಡುವೆಯೂ ಗುರುವಿಗೆ ಒಂದೊಂದು ಮಾತೂ ಕೇಳಿಸಿತು. ದಬ್ಬಳ ಬೆರಳಿಗೆ ಚುಚ್ಚಿಕೊಂಡ. ಅವ್ವ ಈಗ ಬಂದು ಬೈಯುತ್ತಾಳೆ ಎಂದು ಕಾದ. ಆಕೆ ಬರಲಿಲ್ಲ, ಜಂಬಮ್ಮನ ಜೋಳ ತೂಗಿ ಹಾಕಿದಳು.

ರಾತ್ರಿ ರೊಟ್ಟಿ ಬಡಿಸುವಾಗ ಕೇಳಿದಳು. ‘ಅದು ವಿಭೂತಿ ಆಗಿದ್ದಿಲ್ಲೇನು, ನೀ ಹಚ್ಚಿದ್ದು?’

‘ಅಲ್ಲವ್ವ. ಅದು ಮಷಿನ್ನಿಂದು, ಪೇಸ್ಟು.’

‘ಹಂಗಾರ ನೀ ಹಚ್ಚಿದ್ದಿಲ್ಲ,’ ಎಂದಳು. ನಕ್ಕವರ ಬಗ್ಗೆ ಕೇಳಲಿಲ್ಲ. ಗುರು ಅರ್ಧ ರೊಟ್ಟಿ ಬಿಟ್ಟು ಎದ್ದ. ಆ ರಾತ್ರಿಯಿಂದ ಅವನು ಸೈಬರಿಗೆ ಹೋಗುವುದು ಬಿಟ್ಟ, ಕಂಪ್ಯೂಟರಿನ ಮುಂದೆಯೂ ಕೂರಲಿಲ್ಲ. ಗಿರಣಿಯಿಂದ ಮನೆಗೆ, ಮನೆಯಿಂದ ಗಿರಣಿಗೆ ಸುಮ್ಮನೆ ತಿರುಗುತ್ತಿದ್ದ.

ಮುಂದಿನ ಅಮಾವಾಸ್ಯೆ ಬಂತು. ಬೆನಕಪ್ಪ ಗಿರಣಿ ತೊಳೆದು, ಮೋಟಾರು ಒರೆಸಿ, ತೆಂಗಿನಕಾಯಿ ಹಿಡಿದು ನಿಂತು ಹೆಂಡತಿಯನ್ನು ಕರೆದ. ಎರಡನೇ ಸಲ ಕರೆದಾಗ ನಾಗಲಿಂಗಮ್ಮ ಹೊಸ್ತಿಲ ತನಕ ಬಂದು ವಿಭೂತಿ ತಟ್ಟೆಯನ್ನು ಚಾಚಿದಳು.

‘ನೀವ ಹಚ್ರಿ. ನಾ ಹಚ್ಚಿದ್ರ ಮಷಿನ್ನು ಕೆಡ್ತಾವಂತ. ಊರಾಗೆಲ್ಲ ಅಂತಾರ.’

ಬೆನಕಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಮದುವೆಯಾಗಿ ಬಂದಾಗಿನಿಂದ ಆ ಮೋಟಾರಿಗೆ ಆಕೆಯದೇ ಕೈ. ಆಕೆಯ ಮುಖ ನೋಡಿ, ಮಗನ ಮುಖ ನೋಡಿ, ತಟ್ಟೆ ತೆಗೆದುಕೊಂಡು ತಾನೇ ಹಚ್ಚಿದ. ಎಳೆಗಳು ಸೊಟ್ಟಗಾದವು, ಒಂದಕ್ಕೊಂದು ಕೂಡಿಕೊಂಡವು. ಆಕೆ ದೂರದಿಂದಲೇ ನೋಡಿ ಒಳಗೆ ಹೋದಳು. ಸರಿಪಡಿಸಲು ಬರಲಿಲ್ಲ.

ಗುರು ಹಿಂದೆಯೇ ಅಡಿಗೆಮನೆಗೆ ಹೋದ. ಆಕೆ ಒಲೆಯ ಮುಂದೆ ಕೂತಿದ್ದಳು. ಅವನಿಗೆ ನಿಲ್ಲಲೂ ಆಗಲಿಲ್ಲ, ಕೂರಲೂ ಆಗಲಿಲ್ಲ.

‘ಅವ್ವ, ನಿನ್ನಿಂದ ಸೋತಿಲ್ಲ ನಾನು. ಮಷಿನ್ ಆರೋಕ್ಕಿಂತ ಮೊದಲ ಹನ್ನೊಂದು–ನಾಕು ಆಗಿತ್ತು. ಆ ಹುಡುಗ ನನಗಿಂತ ಚೊಲೋ ಆಡ್ತಾನ. ಬ್ಯಾರೇ ಮಷಿನ್ ಕೊಡ್ತೀವಿ ಆಡು ಅಂದ್ರು. ನಾನ ಬ್ಯಾಡಂದೆ.’

ಅಷ್ಟು ಹೇಳುವಷ್ಟರಲ್ಲಿ ಅವನ ಕಣ್ಣು ತುಂಬಿದವು. ಮುಗಿಯಿತು, ಹೇಳಿಬಿಟ್ಟೆ, ಇನ್ನು ಅವ್ವ ಬಾ ಇಲ್ಲಿ ಎಂದು ಕರೆಯುತ್ತಾಳೆ ಎಂದುಕೊಂಡ. ನಾಗಲಿಂಗಮ್ಮ ಒಲೆಯೊಳಗಿನ ಕಟ್ಟಿಗೆ ಮುಂದಕ್ಕೆ ತಳ್ಳಿದಳು.

‘ಅದನ್ನ ನನಗ್ಯಾಕ ಹೇಳ್ತಿ?’ ಎಂದಳು. ‘ನಾನೇನು ನಕ್ಕಿದ್ದಿಲ್ಲ.’

ಗುರು ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಸೈಬರಿಗೆ ನಡೆದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಒಳಗೆ ಆರೇಳು ಹುಡುಗರಿದ್ದರು, ಇಬ್ಬರು ಪರವೂರಿನವರು. ಅವನನ್ನು ಕಂಡದ್ದೇ ಹುಲುಗಪ್ಪನ ಮುಖ ಅರಳಿತು.

‘ಬಾರಪಾ, ಎಲ್ಲಿ ಹೋಗಿದ್ದಿ ಇಷ್ಟು ದಿನ? ಇವರು ಕೂಡ್ಲಿಗಿಯಿಂದ ಬಂದಾರ. ನಿಮ್ಮವ್ವನ ಕತಿ ಹೇಳು ಇವರಿಗೆ.’

‘ಹೇಳ್ತೀನಿ,’ ಎಂದ ಗುರು. ನಿಂತುಕೊಂಡೇ ಹೇಳಿದ. ಹನ್ನೊಂದು–ನಾಲ್ಕು ಇತ್ತೆಂದ. ಸೋಲುವುದು ಖಾತ್ರಿಯಾಗಿತ್ತೆಂದ. ಬೇರೆ ಮಷಿನ್ ಬೇಡವೆಂದವನು ತಾನೇ ಎಂದ. ವಿಭೂತಿಯಿಂದ ಏನೂ ಆಗಿಲ್ಲ, ತನಗೆ ಆಟ ಸಾಲದು ಎಂದ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲಿ ನಗಬೇಕೆಂದು ಅವರಿಗೆ ತಿಳಿಯಲಿಲ್ಲ. ಕೂಡ್ಲಿಗಿಯವನೊಬ್ಬ ಆಕಳಿಸಿ ಪರದೆಯ ಕಡೆ ತಿರುಗಿದ.

‘ಇದಲ್ಲಲೇ. ಇದರಾಗ ಏನೈತಿ?’ ಎಂದ ಹುಲುಗಪ್ಪ. ‘ಇರ್ರಿ, ನಾ ಹೇಳ್ತೀನಿ.’ ಗಲ್ಲಾ ಬಿಟ್ಟು ಎದ್ದು ಬಂದ. ಟವಲನ್ನು ಸೆರಗಿನ ಹಾಗೆ ತಲೆಯ ಮೇಲೆ ಎಳೆದುಕೊಂಡ. ಇಲ್ಲದ ತಟ್ಟೆ ಹಿಡಿದು ಸಣ್ಣ ಹೆಜ್ಜೆ ಇಡುತ್ತ ಒಂದು ಕಂಪ್ಯೂಟರಿನ ಮುಂದೆ ಬಗ್ಗಿ ಇಣುಕಿದ, ಗಲ್ಲದ ಮೇಲೆ ಕೈ ಇಟ್ಟು ‘ಅಯ್ಯ ನನ್ನ ಶಿವನ’ ಎಂದ, ನಾಲಿಗೆ ಕಚ್ಚಿಕೊಂಡು ಗಾಳಿಯಲ್ಲಿ ಒಂದು ಎಳೆ ಎಳೆದ. ಹುಡುಗರು ನಗತೊಡಗಿದರು. ಇಡೀ ಸೈಬರು ಗೊಳ್ಳೆಂದಿತು. ಎರಡನೇ ಎಳೆಗೆ ಬೆರಳು ಎತ್ತಿದಾಗ ಗುರು ಅವನ ಮಣಿಕಟ್ಟು ಹಿಡಿದ.

‘ಸಾಕ್ ಮಾಡ್ರಿ. ಆಕಿ ನಮ್ಮವ್ವ.’

ಹುಲುಗಪ್ಪ ಟವಲು ತಲೆಯ ಮೇಲೆ ಹಾಗೇ ಇದ್ದಂತೆ ಅವನನ್ನು ನೋಡಿದ. ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

‘ಹೌದಪಾ, ಗೊತ್ತೈತಿ,’ ಎಂದ. ‘ಆಕಿ ಹೆಂಗ ಮಾಡ್ತಾಳಂತ ನಮಗ ತೋರಿಸಿದಾವ ನೀನ ಅಲ್ಲೇನು?’